ನನ್ನ ಕತ್ತು ಮತ್ತು ಉನ್ನತ ಕೋನ

ಲೆಕ್ಕ ಮಾಡುವಾಗ ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ. ಕೆಲವರು ಬೆರಳು ಮಡಿಸುತ್ತಾರೆ, ಕೆಲವರು ತುಟಿ ಅಲ್ಲಾಡಿಸುತ್ತಾರೆ, ನಮ್ಮ ಬೀದಿಯ ಹಾಲಿನವರು ಒಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ನನಗೆ ಕತ್ತು ಬೇಕು. ಕತ್ತು ಎತ್ತಿ ನೋಡದೆ ಉನ್ನತ ಕೋನದ ಲೆಕ್ಕ ನನ್ನ ತಲೆಗೆ ಇಳಿಯುವುದೇ ಇಲ್ಲ. ಮನೆಯಲ್ಲಿದ್ದಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಏನಾಗುತ್ತದೆ ಎನ್ನುವುದನ್ನು ನಾನು ಮುಂಚೆಯೇ ಯೋಚಿಸಬೇಕಿತ್ತು.

ಈ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿಗೆ ಕೂರುವ ಹುಚ್ಚು ಹಿಡಿದದ್ದು ಅಂಗನವಾಡಿಯ ದೆಸೆಯಿಂದ. ಚಿನ್ನದ ಗಣಿಯ ಊರಿಗಾಂನಲ್ಲಿ, ಗಣಿ ಕೆಲಸದವರಿಗೆಂದು ಕಟ್ಟಿದ ನಮ್ಮ ಲೈನ್ ಮನೆಗಳ ಹಿಂದೆಯೇ ಅಂಗನವಾಡಿ ಇದೆ. ಅಲ್ಲಿನ ಸಹಾಯಕಿ ಸದ್ಯದಲ್ಲೇ ನಿವೃತ್ತಿಯಾಗುತ್ತಾರೆ, ಆ ಜಾಗಕ್ಕೆ ಹತ್ತನೇ ಕ್ಲಾಸು ಪಾಸಾದವರೇ ಬೇಕು ಅಂತ ಗೊತ್ತಾಯಿತು. ನಾನು ಒಂಬತ್ತನೇ ಕ್ಲಾಸಿಗೇ ಪುಸ್ತಕ ಮುಚ್ಚಿ ಮದುವೆ ಮಂಟಪ ಹತ್ತಿದವಳು. ಬೇರೆ ವಿಷಯ ಹೇಗೋ ಆದೀತು, ಗಣಿತಕ್ಕೇನು ಗತಿ ಎಂದು ಮೂಲೆಮನೆಯ ರೆಜಿನಾ ಟೀಚರ್ ಹತ್ತಿರ ಹೋದೆ. ನಿವೃತ್ತಿಯಾದ ಗಣಿತದ ಟೀಚರ್ ಅವರು. ಮನೆಮಾತು ತಮಿಳು, ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ.

ತ್ರಿಕೋನಮಿತಿಯ ಪಾಠ ಬಂದಾಗ ನನ್ನ ಮುಖ ನೋಡಿ ಅವರು ಪುಸ್ತಕ ಮುಚ್ಚಿಟ್ಟು, ಗಣಿ ನಿಂತ ಮೇಲೆ ಸುಮ್ಮನೆ ನಿಂತಿರುವ, ಗಣಿಗೆ ಇಳಿಯುವ ಶಾಫ್ಟಿನ ಕಬ್ಬಿಣದ ಗೋಪುರ ಕಾಣುವಲ್ಲಿಗೆ ಕರೆದುಕೊಂಡು ಹೋದರು. "ಪಾರಮ್ಮಾ, ಇಲ್ಲಿ ನೋಡಮ್ಮಾ, ಮೊದಲು ನೇರ ನೋಡು. ಈಗ ಕಣ್ಣು ಎತ್ತಿ ಗೋಪುರದ ತುದಿ ನೋಡು. ನೋಟ ಎಷ್ಟು ಮೇಲೆ ತಿರುಗ್ತೋ ಅದೇ ಉನ್ನತ ಕೋನ. ಕಣ್ಣಿನ ಮಟ್ಟದಿಂದ ಮೇಲಿರೋ ಎತ್ತರವನ್ನು ದೂರದಿಂದ ಭಾಗಿಸಿದ್ರೆ ಅದರ ಟ್ಯಾನ್. ಕೋನವೂ ದೂರವೂ ಗೊತ್ತಿದ್ರೆ ಹತ್ತದೇನೇ ಎತ್ತರ ಹೇಳಬಹುದು" ಎಂದರು. ನನಗೆ ಮೈ ಜುಮ್ಮೆಂದಿತು. ಅವತ್ತಿನಿಂದ ಕಂಬ, ತೆಂಗಿನಮರ, ನೀರಿನ ಟ್ಯಾಂಕು, ಯಾವುದನ್ನೂ ಬಿಡಲಿಲ್ಲ. ನಾನು ಮೇಲೆ ನೋಡಿದಾಗೆಲ್ಲ ಅಕ್ಕಪಕ್ಕದವರೂ ಕೋತಿ ಬಂತೇನೋ ಎಂದು ಮೇಲೆ ನೋಡುತ್ತಿದ್ದರು. ಬೇತಮಂಗಲದ ಕಡೆಯವರಾದ ನಮ್ಮತ್ತೆಗೆ ಇದು ಕಡೆಗೂ ಅರ್ಥವಾಗಲಿಲ್ಲ. "ಅಲ್ಲಮ್ಮಿ, ಆ ಕಂಬ ಎಷ್ಟುದ್ದ ಇದ್ರೆ ನಿಂಗೇನು? ನೀನೇನು ಅತ್ತಬೇಕಾ?" ಎಂದರು.

ಪರೀಕ್ಷೆ ಬಂಗಾರಪೇಟೆಯಲ್ಲಿ. ಗಣಿತದ ದಿನ ನನಗೆ ಹೊಸ ಕೋಣೆ. ಬೆಳಗಿನ ರೈಲಿಗೆ ಹೋದೆ. ಸೀರೆಯುಟ್ಟು ಕೋಣೆಗೆ ಕಾಲಿಟ್ಟರೆ ಮಕ್ಕಳೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಮಿಸ್" ಎಂದವು. ನಾನು ನಾಚಿಕೊಂಡು ಅವರ ನಡುವೆಯೇ ಕೂತೆ. ಮೇಲೆ ಮೂಲೆಯಲ್ಲಿ ಕ್ಯಾಮೆರಾ. ಅದನ್ನು ಕಂಡದ್ದೇ ಸೆರಗು ಸರಿ ಮಾಡಿಕೊಂಡೆ.

ಗೊತ್ತಿದ್ದಷ್ಟು ಬರೆದೆ. ಪಾಸಾಗಬೇಕಾದರೆ ದೊಡ್ಡ ಲೆಕ್ಕವೊಂದು ಬೇಕೇ ಬೇಕಿತ್ತು. ಹತ್ತು ಮೀಟರ್ ಎತ್ತರದ ಕಟ್ಟಡದ ತುದಿಯಿಂದ ನೋಡಿದರೆ ಗೋಪುರದ ತುದಿಯ ಉನ್ನತ ಕೋನ ಅರವತ್ತು ಡಿಗ್ರಿ, ಅದರ ಬುಡದ ಅವನತ ಕೋನ, ಅಂದರೆ ಕೆಳಗೆ ನೋಡುವ ಕೋನ, ನಲವತ್ತೈದು, ಗೋಪುರದ ಎತ್ತರವೆಷ್ಟು? ಕಣ್ಣು ಮುಚ್ಚಿ ಕಟ್ಟಡ ಹತ್ತಿದೆ. ಕಣ್ಣು ಬಿಟ್ಟು ತುದಿ ನೋಡಲು ಕತ್ತು ಎತ್ತಿದೆ, ಬುಡ ನೋಡಲು ತಗ್ಗಿಸಿದೆ. ಮತ್ತೆ ಎತ್ತಿದೆ, ತಗ್ಗಿಸಿದೆ. ಅದೇ ಹೊತ್ತಿಗೆ ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ, ಬಿದ್ದ ಸ್ಕೇಲು ಎತ್ತಿಕೊಳ್ಳಲು ನನ್ನ ಕಡೆ ತಿರುಗಿದ್ದಳು.

"ಏನಮ್ಮಾ, ಹೌದು ಹೌದು ಅಂತ ಅವಳಿಗೆ ತಲೆ ಆಡಿಸ್ತಿದ್ದೀರಾ?" ಮೇಲ್ವಿಚಾರಕರು ಪಕ್ಕದಲ್ಲೇ ನಿಂತಿದ್ದರು.

"ಇಲ್ಲ ಸಾರ್, ಗೋಪುರ ನೋಡ್ತಿದ್ದೆ."

ಅವರು ಮೇಲೆ ನೋಡಿದರು. ಇಡೀ ಕೋಣೆ ಮೇಲೆ ನೋಡಿತು. ಫ್ಯಾನು ತಿರುಗುತ್ತಿತ್ತು. ಅದರ ರೆಕ್ಕೆಗೆ ನಾನೇನಾದರೂ ಚೀಟಿ ಅಂಟಿಸಿದ್ದೇನೋ ಎಂದು ಫ್ಯಾನು ನಿಲ್ಲಿಸಿಯೂ ನೋಡಿದರು. ಅಷ್ಟರಲ್ಲಿ ನಕಲು ಹಿಡಿಯುವ ಸ್ಕ್ವಾಡಿನ ಮೇಡಂ ಒಳಗೆ ಬಂದೇಬಿಟ್ಟರು. ಸಾರ್ ಪಿಸುಗುಟ್ಟಿದ್ದೇ ತಡ, ನನ್ನ ಉತ್ತರಪತ್ರಿಕೆಯೂ ಆ ಹುಡುಗಿಯದೂ ಮೇಡಂ ಕೈಗೆ ಹೋದವು. "ಡಿಬಾರ್ ಆಗ್ತೀರಿ, ಇಬ್ಬರೂ" ಎಂದರು.

ಹುಡುಗಿ ಬಿಕ್ಕಿಬಿಕ್ಕಿ ಅಳತೊಡಗಿದಳು. ನನ್ನದು ಬಿಡಿ, ಹೇಗೂ ಸೊಸೆಯಾಗಿ, ತಾಯಿಯಾಗಿ ಅರ್ಧ ಆಯಸ್ಸು ಕಳೆದಿದೆ. ಆ ಮಗುವಿನ ವರ್ಷ ನನ್ನ ಕತ್ತಿನಿಂದ ಹಾಳಾಗಬೇಕೆ? ಎದ್ದು ನಿಂತೆ. "ಮೇಡಂ, ಈ ಮಗುದೇನೂ ತಪ್ಪಿಲ್ಲ. ಉನ್ನತ ಕೋನ ಅಂದ್ರೆ ನಂಗೆ ಕತ್ತು ಎತ್ತದೆ ತಿಳಿಯಲ್ಲ" ಎಂದೆ.

"ಅಂದ್ರೆ? ತೋರಿಸಿ."

"ಈ ಸಾರೇ ಗೋಪುರ ಅಂದ್ಕೊಳ್ಳಿ ಮೇಡಂ. ನಾನು ಕಟ್ಟಡದ ಮೇಲಿದ್ದೀನಿ. ಇವರ ತಲೆ ನೋಡೋಕೆ ಹೀಗೆ ಮೇಲೆ, ಚಪ್ಪಲಿ ನೋಡೋಕೆ ಹೀಗೆ ಕೆಳಗೆ. ಕೆಳಗಿನ ಕೋನ ನಲವತ್ತೈದು, ಅಂದ್ಮೇಲೆ ದೂರವೂ ಕಟ್ಟಡದ ಎತ್ತರವೂ ಒಂದೇ, ಅದಕ್ಕೇ ದೂರ..."

"ಸಾಕು ಸಾಕು! ಉತ್ತರ ಹೇಳಬೇಡಿ!" ಮೇಡಂ ಕೈಯೆತ್ತಿ ಕೂಗಿದರು. ಹಿಂದಿನ ಬೆಂಚುಗಳಲ್ಲಿ ಆಗಲೇ ಪೆನ್ನುಗಳು ಸರಸರ ಓಡುತ್ತಿದ್ದವು.

ಮೇಡಂ ಎರಡೂ ಪತ್ರಿಕೆಗಳನ್ನು ತಿರುವಿ ತಿರುವಿ ನೋಡಿದರು. ಹುಡುಗಿ ಇನ್ನೂ ಗ್ರಾಫು ಎಳೆಯುತ್ತಿದ್ದಳು. ಆ ಲೆಕ್ಕದ ಹತ್ತಿರವೂ ಸುಳಿದಿರಲಿಲ್ಲ. ಕೊನೆಗೆ ಪತ್ರಿಕೆ ವಾಪಸು ಕೊಟ್ಟು, "ನೀವು ಆ ಕಡೇ ಬೆಂಚಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ್ಕೊಳ್ಳಿ. ಎಷ್ಟು ಬೇಕಾದ್ರೂ ನೋಡಿ" ಎಂದರು.

ಗೋಡೆಯ ಮುಂದೆ ಕೂತರೆ ಕತ್ತು ಹೆದರಿ ಮರಗಟ್ಟಿತ್ತು. ಎಡಗೈಯಿಂದ ಗದ್ದ ಹಿಡಿದು ಎತ್ತಿಕೊಂಡೆ. ದೂರ ಹತ್ತು ಮೀಟರ್. ಅದಕ್ಕೆ ಅರವತ್ತರ ಟ್ಯಾನ್, ಅಂದರೆ ಮೂರರ ವರ್ಗಮೂಲದಿಂದ ಗುಣಿಸಿದೆ. ಬರೆಯುತ್ತಿರುವಾಗಲೇ ಗಂಟೆ ಹೊಡೆಯಿತು, ಸಾರ್ ಪತ್ರಿಕೆ ಎಳೆದುಕೊಂಡರು. ವಾಪಸು ರೈಲು ಹತ್ತಿದ ಮೇಲೆ ಹೊಸ ಅನುಮಾನ ಶುರುವಾಯಿತು. ಕಣ್ಣಿನ ಮಟ್ಟದಿಂದ ಮೇಲಿನದಕ್ಕೆ ಕೆಳಗಿನ ಹತ್ತನ್ನು ಕೂಡಿಸಿದೆನೋ ಇಲ್ಲವೋ? ಕೂಡಿಸದಿದ್ದರೆ ನನ್ನ ಗೋಪುರಕ್ಕೆ ಬುಡವೇ ಇಲ್ಲ! ಅವತ್ತಿನಿಂದ ಫಲಿತಾಂಶದವರೆಗೆ ನಾನು ಸಾರಿಗೆ ಉಪ್ಪು ಹಾಕಿದ್ದೂ ನೆನಪಿಲ್ಲ, ಹಾಕದೆ ಬೈಸಿಕೊಂಡದ್ದು ಮಾತ್ರ ನೆನಪಿದೆ.

ಫಲಿತಾಂಶದ ದಿನ ರೆಜಿನಾ ಟೀಚರ್ ಮೊಬೈಲ್ ಹಿಡಿದು ಕನ್ನಡಕ ಏರಿಸಿದರು. ನಾನು ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. "ಗಣಿತ ಪಾಸಮ್ಮಾ!" ಎಂದರು. ನಾನು ಕುಣಿದೆ. ಅತ್ತೆಯೂ ಅಷ್ಟಿಷ್ಟು ಕುಣಿದರು. ಟೀಚರ್ ಮಾತ್ರ ಕುಣಿಯಲಿಲ್ಲ. ಮೊಬೈಲನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಅಯ್ಯೋ, ಕನ್ನಡದಲ್ಲಿ ಹೋಗಿದೆಯಲ್ಲಮ್ಮಾ!"

ನಮ್ಮತ್ತೆ ನನ್ನನ್ನೇ ನೋಡಿದರು. "ಏನಮ್ಮಿ, ಉಟ್ಟಿದಾಗಿಂದ ಆಡ್ತಿರೋ ಮಾತು!"

ಕನ್ನಡದ ಪರೀಕ್ಷೆಯ ದಿನ ಪ್ರಬಂಧದ ಪ್ರಶ್ನೆ ಕಂಡದ್ದೇ ಖುಷಿಯಾಗಿ ಬರೆದೆ, ಬರೆದೆ, ಬರೆಯುತ್ತಲೇ ಇದ್ದೆ. ವ್ಯಾಕರಣ, ಪದ್ಯ, ಪತ್ರ ಯಾವುದನ್ನೂ ಮುಟ್ಟುವ ಮೊದಲೇ ಗಂಟೆ ಹೊಡೆದಿತ್ತು. ಎರಡನೇ ಸಲದ ಪರೀಕ್ಷೆ ಹತ್ತಿರ ಬಂದಿದೆ, ಅಂಗನವಾಡಿಯ ಜಾಗ ಇನ್ನೂ ಖಾಲಿಯಾಗಿಲ್ಲ. "ದಿನಾ ಒಂದು ಪ್ರಬಂಧ ಬರಿ. ಒಂದು ಪುಟ ದಾಟಬಾರದು" ಎಂದು ಟೀಚರ್ ಕಟ್ಟಪ್ಪಣೆ ಮಾಡಿದ್ದಾರೆ. ಇವತ್ತಿನದು ಇದು. ಎಷ್ಟನೇ ಪುಟದಲ್ಲಿದ್ದೇನೆಂದು ನೋಡಿಕೊಳ್ಳಲು ನನಗೇ ಧೈರ್ಯವಿಲ್ಲ.