ಕರಿ ಸೋಯಾ, ನನ್ನ ಹೆಬ್ಬೆರಳು

ಪರವೂರಲ್ಲಿ ಸಂಸಾರ ಹೂಡಿದವನಿಗೆ ಒಂದು ಮಾತಿಗೆ ಇನ್ನೊಂದು ಕೇಳಿಸುವುದು ದಿನದ ಪಾಡು. ನಾನು ವಿಜಾಪುರ ಕಡೆಯವನು, ಗೋವಾದ ಕೊರ್ತಾಲಿಮ್‌ನಲ್ಲಿ ಗೋಡೆ ಕಟ್ಟುವ ಗೌಂಡಿ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ಹಿಂದಿ, ಓಣಿಯಲ್ಲಿ ಕೊಂಕಣಿ. ಮೂರೂ ಅರ್ಧಮರ್ಧ ಎನ್ನುತ್ತಾಳೆ ನನ್ನ ಹೆಂಡತಿ. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಆದರೆ ಸಕ್ಕರೆ ಕಾಯಿಲೆ ಗಂಟುಬಿದ್ದು ಕಾಲಿನ ಹೆಬ್ಬೆರಳಿಗೆ ಹುಣ್ಣಾಯಿತು. ಶುಗರ್ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದರು ಡಾಕ್ಟರು. ಹೆಬ್ಬೆರಳಿಲ್ಲದ ಗೌಂಡಿ ಏಣಿ ಹತ್ತುವುದು ಹೇಗೆ?

೧. ಕಾಲಿನ ನಿದ್ದೆ

ಡಾಕ್ಟರು ಗೋವಾದವರು, ನನ್ನ ಜೊತೆ ಹಿಂದಿಯಲ್ಲೇ ಮಾತು. ಗುಳಿಗೆ ಬರೆದುಕೊಟ್ಟು, "ಚಾವಲ್, ರೋಟಿ ಕಮ್. ಕಾಲಾ ಸೋಯಾ ಜ್ಯಾದಾ" ಎಂದರು.

ಅನ್ನ ರೊಟ್ಟಿ ಕಡಿಮೆ, ಉಳಿದದ್ದು ಹೆಚ್ಚು ಎಂಬುದು ತಿಳಿಯಿತು. ಸೋಯಾ ಎಂದರೆ ಹಿಂದಿಯಲ್ಲಿ ಮಲಗಿದ ಎಂದರ್ಥ, ಅಷ್ಟು ನನಗೆ ಗೊತ್ತು. ಕಾಲಾ ಎಂದರೆ ಕಪ್ಪು ಎಂಬುದೂ ಗೊತ್ತಿತ್ತು. ಆದರೆ ಹುಣ್ಣಿರುವುದು ಕಾಲಿಗೆ ನೋಡಿ, ಗಾಬರಿಯಲ್ಲಿ ನನ್ನ ಕಿವಿಗೆ ಬಿದ್ದದ್ದು ಕನ್ನಡದ ಕಾಲು. ಕಾಲಿಗೆ ನಿದ್ದೆ ಹೆಚ್ಚು ಬೇಕು ಎಂದುಕೊಂಡು ಕೆಲಸ ಬಿಟ್ಟು ಮನೆಯಲ್ಲಿ ಕೂತೆ. ಕಾಲನ್ನು ದಿಂಬಿನ ಮೇಲಿಟ್ಟು, ಚಾದರ ಹೊದಿಸಿ ಮಲಗಿಸಿದೆ. ಬಿದ್ದುಕೊಂಡವನಿಗೆ ಹಸಿವೆ ಜಾಸ್ತಿ, ರೊಟ್ಟಿ ಕಡಿಮೆಯಾಗಲಿಲ್ಲ.

ಮುಂದಿನ ಸಲ ಹೋದಾಗ ಶುಗರ್ ಮತ್ತೂ ಏರಿತ್ತು. ಡಾಕ್ಟರು ದಂಗಾದರು. "ಸೋಯಾ?" ಎಂದು ಕೇಳಿದರು.

"ಖೂಬ್ ಸೋಯಾ, ಸಾಬ್." ಚೆನ್ನಾಗಿ ಮಲಗಿದೆ ಎಂದೆ.

"ಖಾಯಾ ಕೈಸೇ?" ಹೇಗೆ ತಿಂದೆ ಎಂದು ಅವರ ಪ್ರಶ್ನೆ.

"ಖಾಕೇ ಸೋಯಾ, ಸಾಬ್." ಉಂಡೇ ಮಲಗಿದೆ ಎಂದು ನನ್ನ ಉತ್ತರ.

ಡಾಕ್ಟರು ಹಣೆ ಹಿಡಿದುಕೊಂಡು, ಅದು ಮಲಗುವುದಲ್ಲ, ತಿನ್ನುವ ವಸ್ತು ಎಂದು ಬಿಡಿಸಿ ಹೇಳಿದರು. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. "ಕಾಲಿಗೆ ಜೋಗುಳ ಹಾಡೂದೊಂದ ಬಿಟ್ಟಿದ್ರು ನೋಡ್ರಿ ಇವ್ರು" ಎಂದಳು.

೨. ಕರಿ ಸೊಯ್

ತಿನ್ನುವ ವಸ್ತು ಎಂದು ಗೊತ್ತಾದ ಮೇಲೆ ಹೆಂಡತಿ ಈ ಕೆಲಸ ತನ್ನ ಕೈಗೆ ತೆಗೆದುಕೊಂಡಳು. ನಮ್ಮ ಮನೆ ಮಾಲಕಿ ಗೋವಾದ ಮುದುಕಿ, ಅಡುಗೆಯಲ್ಲಿ ಎತ್ತಿದ ಕೈ. ಹೆಂಡತಿ ಅವಳ ಹತ್ತಿರ ಹೋಗಿ, ತನ್ನ ಮುರುಕು ಕೊಂಕಣಿಯಲ್ಲಿ ಕರಿ ಸೋಯಾ ಎಲ್ಲಿ ಸಿಗುತ್ತದೆಂದು ಕೇಳಿದಳು.

ಕೊಂಕಣಿಯಲ್ಲಿ ಸೊಯ್ ಎಂದರೆ ತುರಿದ ತೆಂಗಿನಕಾಯಿ. ಕರಿ ಸೊಯ್ ಎಂದರೆ ಅದನ್ನೇ ಕೋಳಿ ಸಾರಿಗೆ ಹಾಕುವಂತೆ ಕಪ್ಪಗೆ ಹುರಿದದ್ದು ಎಂದು ಮುದುಕಿ ತಿಳಿದಳು. ಇಷ್ಟಕ್ಕೇಕೆ ಚಿಂತೆ ಎಂದು ಹಿತ್ತಲಿನ ಕಾಯಿ ತಂದಳು. ಇಬ್ಬರೂ ಕೂತು ತುರಿದರು, ಹುರಿದರು. ರೊಟ್ಟಿಯ ಜಾಗದಲ್ಲಿ ನನಗೆ ಮೂರು ಹೊತ್ತೂ ಅದೇ. ಹೊಟ್ಟೆ ಕೆಟ್ಟಿತು, ಬೆರಳು ಹಾಗೇ ಇತ್ತು. ಔಷಧವೆಂದರೆ ಹೀಗೇ ಇರಬೇಕು ಎಂದು ನುಂಗಿದೆ.

ಈ ಸಲ ಹೆಂಡತಿ ಸಾಕ್ಷಿಗೆಂದು ಡಬ್ಬಿಯನ್ನೇ ದವಾಖಾನೆಗೆ ತಂದು ಡಾಕ್ಟರ ಮೇಜಿನ ಮೇಲೆ ತೆರೆದಿಟ್ಟಳು. ಘಮ ಕೋಣೆಯೆಲ್ಲ ತುಂಬಿತು. ಡಾಕ್ಟರು ಡಬ್ಬಿ ನೋಡಿದರು, ನನ್ನ ಬೆರಳು ನೋಡಿದರು, ಬೆಪ್ಪಾಗಿ ಕೇಳಿದರು: "ಮುರ್ಗೀ ಕಿಧರ್ ಹೈ?"

೩. ಕುಕ್ಕರಿನ ಭಟ್ಟರು

ಕೊನೆಗೆ ಡಾಕ್ಟರು ಕಾಗದದ ಮೇಲೆ ಕಾಳಿನ ಚಿತ್ರ ಬರೆದು ಮಸಿ ತುಂಬಿದರು. ಸೋಯಾ ಒಂದು ಕಾಳು, ಅದರಲ್ಲಿ ಕರಿಯದು ಬೇಕು, ಅನ್ನ ರೊಟ್ಟಿಯ ಹಾಗೆ ಸಕ್ಕರೆ ಏರಿಸುವುದಿಲ್ಲ, ಹೊಟ್ಟೆಯೂ ತುಂಬುತ್ತದೆ ಎಂದರು. ಬೆರಳಿಗೆ ಇದೇ ಕೊನೆಯ ಅವಕಾಶ ಎಂದೂ ಸೇರಿಸಿದರು.

ಯಾವ ಅಂಗಡಿಯಲ್ಲೂ ಕರಿ ಸೋಯಾ ಸಿಗಲಿಲ್ಲ. ಕೂಲಿಯಿಲ್ಲದೆ ನಡೆಯದೆಂದು ಮತ್ತೆ ಕೆಲಸಕ್ಕೆ ಹೋಗತೊಡಗಿದ್ದೆ. ಅಲ್ಲಿನ ವಾಚ್‌ಮನ್ ಉತ್ತರಾಖಂಡದ ಗುಡ್ಡದವನು. ಚಿತ್ರ ನೋಡಿ, "ಅರೇ, ಯೇ ತೋ ಭಟ್ ಹೈ! ಹಮ್ ಲೋಗ್ ರೋಜ್ ಭಟ್ ಖಾತೇ ಹೈಂ" ಎಂದ.

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮಲ್ಲಿ ಭಟ್ಟರೆಂದರೆ ಪೂಜೆ ಮಾಡುವವರು, ಇವನು ದಿನಾ ತಿನ್ನುತ್ತಾನಂತೆ! ಅವನು ನಗುತ್ತ ಟ್ರಂಕು ತೆರೆದು, ಊರಿಂದ ತಂದ ಕರಿ ಕಾಳಿನ ಗಂಟು ಕೊಟ್ಟ. ಭಟ್ ಎಂಬುದು ಅವರ ಕಡೆ ಕರಿ ಸೋಯಾದ ಹೆಸರು. ಹೇಗೆ ಬೇಯಿಸುವುದೆಂದೂ ಹೇಳಿಕೊಟ್ಟ. ಗಂಟನ್ನು ಹೆಂಡತಿಯ ಕೈಗಿತ್ತು ಹೆಸರನ್ನಷ್ಟೇ ಹೇಳಿದೆ.

ಮರುದಿನ ದೇವಸ್ಥಾನದ ಭಟ್ಟರ ಮನೆಯ ಕಂಪೌಂಡ್ ಕಟ್ಟುತ್ತಿದ್ದೆ. ಅವರು ಕಾರವಾರ ಕಡೆಯವರು, ಕನ್ನಡ ಚೆನ್ನಾಗಿ ಬಲ್ಲವರು. ಹೆಂಡತಿಯ ಫೋನ್ ಬಂತು: "ರೀ, ಈ ಭಟ್ಟನ್ನ ಏನ್ ಮಾಡ್ಲಿ?"

ಕಾಂಕ್ರೀಟ್ ಮಿಕ್ಸರಿನ ಸದ್ದಿಗೆ ನಾನು ಕೂಗಿದೆ: "ಭಟ್ಟನ್ನ ಚಲೋತ್ನಾಗಿ ತೊಳಿ. ನೀರಾಗ ಮುಳುಗಿಸಿ ಇಡು. ಆಮ್ಯಾಲೆ ಕುಕ್ಕರ್‌ದಾಗ ಹಾಕಿ ಮೆತ್ತಗಾಗೂತನಕ ಕುದಸು. ಸಿಪ್ಪಿ ಮಾತ್ರ ಸುಲೀಬ್ಯಾಡ."

ಹಿಂದೆ ತಿರುಗಿ ನೋಡಿದೆ. ನನಗೆಂದೇ ಸಕ್ಕರೆಯಿಲ್ಲದ ಚಹಾ ಹಿಡಿದು ಭಟ್ಟರು ನಿಂತಿದ್ದರು. ಮುಖ ಸುಣ್ಣದ ಗೋಡೆಯಾಗಿತ್ತು.

"ಯಾವ ಭಟ್ಟರು?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೆರಳು ತೋರಿಸಿ ಎಲ್ಲ ಬಿಡಿಸಿ ಹೇಳಿದೆ. "ಒಂದು ಹೆಬ್ಬೆರಳಿಗಾಗಿ ನಮ್ಮ ಕುಲವನ್ನೇ ಕುಕ್ಕರಿಗೆ ಹಾಕುವುದೇ, ಮೇಸ್ತ್ರಿ?" ಎಂದರು, ಅರ್ಧ ನಂಬಿ.

ಗುಳಿಗೆ, ನಡಿಗೆ, ಈ ಕಾಳು, ಎಲ್ಲ ಸೇರಿ ಶುಗರ್ ಇಳಿಯಿತು. ಹುಣ್ಣು ಒಣಗಿತು, ಬೆರಳು ತೆಗೆಯುವುದು ಬೇಡ ಎಂದರು ಡಾಕ್ಟರು. ದವಾಖಾನೆಯಲ್ಲೇ ಅತ್ತುಬಿಟ್ಟೆ. ನೇರವಾಗಿ ಭಟ್ಟರ ಮನೆಗೆ ಹೋದೆ. ಗೇಟಿನಲ್ಲಿ ಅವರು ಮೊದಲು ನನ್ನ ಕಾಲು ನೋಡಿದರು.

"ಬೆರಳು ಉಳಿಯಿತೇ?"

"ಉಳೀತ್ರಿ, ಭಟ್ರ."

"ದೇವರು ದೊಡ್ಡವನು. ಇನ್ನಾದರೂ ಭಟ್ಟರನ್ನು ಬೇಯಿಸುವುದು ನಿಲ್ಲಿಸಿದಿರಾ?"

"ನಿಲ್ಲಿಸೇವ್ರಿ," ಎಂದೆ. "ಈಗ ಹುರದು ತಿನ್ನಾಕತ್ತೇವಿ."