ಏಳನೇ ಮಂಚದ ಧಾರಣೆ

ಆಸ್ಪತ್ರೆಯ ನಿಯಮಾವಳಿಯ ಹದಿನೇಳನೇ ಕಲಮು ಸ್ಪಷ್ಟವಾಗಿತ್ತು: ರೋಗಿಯ ಜ್ವರದ ಪಟ್ಟಿಯನ್ನು ಚಿಕಿತ್ಸೆಗಲ್ಲದೆ ಬೇರಾವ ಉದ್ದೇಶಕ್ಕೂ ಬಳಸತಕ್ಕದ್ದಲ್ಲ. 1967ರಲ್ಲಿ ಕದ್ರಿಯ ಆ ಆಸ್ಪತ್ರೆಯಲ್ಲಿ ಈ ಕಲಮು ಬಾಯಿಪಾಠ ಇದ್ದದ್ದು ಹಿರಿಯ ನರ್ಸ್ ಬೆನಿಟಾ ಅವರೊಬ್ಬರಿಗೆ.

ಹೆಡ್ ಕ್ಲರ್ಕ್ ರುಡೊಲ್ಫ್, ಶೇರು ವ್ಯವಹಾರದ ಮರ್ಮವೆಲ್ಲ ಧಾರಣೆಯ ಗೆರೆಯ ಆಕಾರದಲ್ಲಿದೆ ಎಂದು ಒಂದು ಇಂಗ್ಲಿಷ್ ಪುಸ್ತಕದಿಂದ ತಿಳಿದುಕೊಂಡಿದ್ದರು. ಗೆರೆ ಎಳೆಯುವ ಚೌಕಳಿ ಕಾಗದಕ್ಕೆ ದುಡ್ಡು ಕೊಡಬೇಕು. ಜ್ವರದ ಪಟ್ಟಿಯ ಖಾಲಿ ಫಾರಮಿಗೆ ಬೇಡ. ಒಂದು ಹಂಚಿನ ಕಂಪನಿಯ ದಿನದಿನದ ಧಾರಣೆಯನ್ನು ಅವರು ಅದರಲ್ಲೇ ಗುರುತು ಹಾಕುತ್ತಿದ್ದರು. ಶೇರು ನೂರು ರೂಪಾಯಿಯ ಆಸುಪಾಸಿನಲ್ಲೇ ಇದ್ದುದರಿಂದ ಫಾರಮಿನ ಫ್ಯಾರನ್‌ಹೀಟ್ ಅಂಕಿಗಳನ್ನೂ ತಿದ್ದಬೇಕಾಗಿರಲಿಲ್ಲ. ಒಂದು ಸೋಮವಾರ ಆ ಫಾರಮೂ ಏಳನೇ ಮಂಚದ ಮೂಸಬ್ಬರ ಟೈಫಾಯ್ಡ್ ಪಟ್ಟಿಯೂ ಅದಲುಬದಲಾದವು.

ಮೂಸಬ್ಬರ ಜ್ವರದ ಗೆರೆಯಲ್ಲಿ ಎರಡು ಹೆಗಲು, ನಡುವೆ ಒಂದು ತಲೆ, ಅಂದರೆ ಪುಸ್ತಕದ ಪ್ರಕಾರ ಧಾರಣೆ ಬೀಳುವ ಗುರುತು, ಕಂಡು ರುಡೊಲ್ಫ್, "ಇದು ಬೀಳ್ತದೆ" ಎಂದು ಶೇರು ಮಾರಿದರು. ಮೂರನೇ ದಿನ ಧಾರಣೆ ಬಿತ್ತು. ಅತ್ತ ಡಾಕ್ಟರ್ ಆರ್ಥರ್ ಹಂಚಿನ ಕಂಪನಿಯ ಗೆರೆ ನೋಡಿ ಮೂಸಬ್ಬರಿಗೆ ಔಷಧ ಬರೆದರು. ಮೂಸಬ್ಬರೂ ಗುಣವಾಗತೊಡಗಿದರು. ಅದಲುಬದಲು ಬಯಲಾದಾಗಲೂ, ಯಾರಿಗೂ ನಷ್ಟವಾಗದ್ದರಿಂದ ಇದನ್ನು ತಪ್ಪೆಂದು ದಾಖಲಿಸುವ ಕಾರಣ ಯಾರಿಗೂ ಕಾಣಲಿಲ್ಲ.

ಅಂದಿನಿಂದ ಇಡೀ ಆಸ್ಪತ್ರೆ ಏಳನೇ ಮಂಚವನ್ನು ನೋಡಿಯೇ ಶೇರು ಕೊಳ್ಳತೊಡಗಿತು. ಈಗ ಗೆರೆ ಬಟ್ಟಲಿನ ಆಕಾರಕ್ಕೆ ಬಂದಿತ್ತು. ಬಟ್ಟಲಾದ ಮೇಲೆ ಏರಲೇಬೇಕೆಂದು ಪುಸ್ತಕ ಹೇಳುತ್ತಿತ್ತು. ಆದರೆ ಮೂಸಬ್ಬರಿಗೆ ನಾಲ್ಕು ದಿನದಿಂದ ಜ್ವರವೇ ಇಲ್ಲ. ಮೆನೇಜರ್ ಜೊಕಿಮ್ ಸುತ್ತೋಲೆ ಹೊರಡಿಸಿದರು:

"ಏಳನೇ ಮಂಚದ ರೋಗಿಯನ್ನು ಮುಂದಿನ ಆದೇಶದವರೆಗೆ ಮನೆಗೆ ಕಳುಹಿಸತಕ್ಕದ್ದಲ್ಲ. ಸದರಿಯವರ ಉಷ್ಣತೆಯನ್ನು ಬಿಸಿ ಗಂಜಿ ಕುಡಿಸಿದ ಕೂಡಲೇ ನೋಡತಕ್ಕದ್ದು."

ಶನಿವಾರ ಬೆಳಿಗ್ಗೆ ಮೂಸಬ್ಬ ಗಂಜಿಯ ಬಟ್ಟಲನ್ನು ದೂರ ತಳ್ಳಿದರು. "ಸಿಸ್ಟರೇ, ನಾನು ಎಂತ ತಪ್ಪು ಮಾಡಿದ್ದು? ನಾಳೆ ತೊಕ್ಕೊಟ್ಟಿನಲ್ಲಿ ನನ್ನ ಮಗಳು ಸುಹರಾಳ ನಿಕಾಹ್ ಉಂಟು. ಮಾಡಿಕೊಡಬೇಕಾದ ಅಪ್ಪನೇ ಇಲ್ಲಿ ಗಂಜಿ ಕುಡಿತಾ ಕೂತರೆ ಹೇಗೆ?"

ಬೆನಿಟಾ ಡಾಕ್ಟರರ ಮುಂದೆ ಮನೆಗೆ ಕಳುಹಿಸುವ ಕಾಗದ ಹಿಡಿದರು. "ಇವರಿಗೆ ಎಂತದ್ದೂ ಇಲ್ಲ ಡಾಕ್ಟ್ರೇ. ಸಹಿ ಹಾಕಿ."

"ಜ್ವರ ಇಲ್ಲ ಅಂತ ನಾನೂ ಒಪ್ತೇನೆ," ಎಂದರು ಆರ್ಥರ್. "ಆದ್ರೆ ಬರುವ ಲಕ್ಷಣ ಗೆರೆಯಲ್ಲಿ ಉಂಟಲ್ವಾ?"

"ನೂರೊಂದು ಅಂತ ಬರೆದುಬಿಡಿ ಸಿಸ್ಟರ್," ಎಂದರು ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದ ರುಡೊಲ್ಫ್. "ಪೆನ್ಸಿಲಿನಲ್ಲಿ. ಆಮೇಲೆ ಅಳಿಸುವ."

"ನಾನು ಕಂಡದ್ದು ತೊಂಬತ್ತೆಂಟು ಪಾಯಿಂಟ್ ನಾಲ್ಕು. ನಿಮ್ಮ ತಲೆ, ಹೆಗಲು ಎಲ್ಲ ವಾರ್ಡಿನ ಹೊರಗಿಟ್ಟು ಬನ್ನಿ, ರುಡೊಲ್ಫ್."

ಅಷ್ಟರಲ್ಲಿ ಮೂಸಬ್ಬರ ಹೆಂಡತಿಯ ತಮ್ಮ, ದಿನಸಿ ಅಂಗಡಿಯ ಹಸೈನಾರ್ ಬಂದರು. ಬಿಡಿಸಿಕೊಂಡು ಹೋಗಲು ಬಂದನೆಂದು ಮೂಸಬ್ಬ ಎದ್ದು ಕೂತರು.

"ಭಾವ, ನಿಕಾಹ್ ಮುಂದಿನ ತಿಂಗಳಿಗೆ ಹಾಕುವ," ಎಂದರು ಹಸೈನಾರ್. "ನಾನು ಇಪ್ಪತ್ತು ಶೇರು ತೆಗೊಂಡಿದ್ದೇನೆ. ಗಂಡಿನವರೂ ಬೇಡ ಅನ್ನಲಿಕ್ಕಿಲ್ಲ, ಅವರದ್ದೂ ಐದು ಉಂಟು. ನೀವು ಸ್ವಲ್ಪ ಹೊದ್ದು ಮಲಗಿ ಮಾರಾಯ್ರೆ."

"ನಿನಗೇ ಬರಲಿ ಜ್ವರ!"

ರುಡೊಲ್ಫ್ ಪುಸ್ತಕದ ಹಾಳೆ ತಿರುವಿದರು. "ಅದೂ ಆಗಬಹುದು. ಗೆರೆ ಇರುವುದು ಮಂಚದ್ದು. ಮನುಷ್ಯನದ್ದಲ್ಲ."

ಇದು ನ್ಯಾಯವೆಂದು ಡಾಕ್ಟರರಿಗೂ ತೋರಿತು. ಸುದ್ದಿ ಕೇಳಿ ಬಂದ ಜೊಕಿಮ್ ಒಂದೇ ಷರತ್ತು ಹಾಕಿದರು: ಹೊಸಬರಿಗೆ ಜ್ವರ ಏರುವವರೆಗೆ ಹಳಬರೂ ಜಾಮೀನಾಗಿ ಇರತಕ್ಕದ್ದು. ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿಯೆಲ್ಲ ಸಮಾಧಾನದಿಂದ ತಲೆಯಾಡಿಸಿದರು. ಹಸೈನಾರ್ ಚಪ್ಪಲಿ ಕಳಚಿ ಏಳನೇ ಮಂಚವನ್ನೇರಿ, ಮೂಸಬ್ಬರನ್ನು ಅಂಚಿಗೆ ಸರಿಸಿ, ಕಂಬಳಿ ಎಳೆದುಕೊಂಡು "ಆ" ಎಂದು ಬಾಯಿ ತೆರೆದು ಕಾದರು. ಎಲ್ಲರೂ ಬೆನಿಟಾರ ಕೈಯನ್ನೇ ನೋಡಿದರು.

ಬೆನಿಟಾ ಥರ್ಮಾಮೀಟರನ್ನು ಒರೆಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಜೇಬಿಗಿಳಿಸಿ, ಮೂಸಬ್ಬರ ಬಟ್ಟೆಯ ಗಂಟನ್ನೆತ್ತಿಕೊಂಡು, ಅವರ ತೋಳು ಹಿಡಿದು ಮೆಟ್ಟಿಲಿಳಿದರು.