ಮಾವನಿಗೊಂದು ಕಾರ್ಡು ಹಾಕಿ

ನನ್ನ ಸೋದರಮಾವನಷ್ಟು ದೇಶ ಸುತ್ತಿದವರು ಗೋಣಿಬೀಡಿನಲ್ಲಿ ಇನ್ನೊಬ್ಬರಿಲ್ಲ ಎಂದು ಬಾಜಿ ಕಟ್ಟಿ ಹೇಳಬಲ್ಲೆ. ಒಂದೇ ತೊಡಕೆಂದರೆ, ಅವರು ಚಿಕ್ಕಮಗಳೂರಿನಿಂದಾಚೆ ಕಾಲಿಟ್ಟವರಲ್ಲ! ಬಸ್ಸು ನಾಲ್ಕು ತಿರುವು ದಾಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದುದೆಲ್ಲ ಕಿಟಕಿಯಾಚೆ. ಕಾಫಿ ಮಾರಲು ಒಮ್ಮೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದರೆ ಮರುದಿನವೆಲ್ಲ ಗಂಜಿಯೇ ಗತಿ.

ಹಾಗಾದರೆ ದೇಶ ಸುತ್ತಿದ್ದು ಹೇಗೆ? ಅಂಚೆ ಕಾರ್ಡಿನ ಮೇಲೆ! ತೊಂಬತ್ತರ ದಶಕದಲ್ಲಿ ಊರಿನ ಯಾರೇ ಪ್ರಯಾಣ ಹೊರಡಲಿ, ಮಾವ ಬಸ್‌ಸ್ಟ್ಯಾಂಡಿನಲ್ಲಿ ಹಾಜರ್. ತಮ್ಮ ವಿಳಾಸ ಬರೆದ ಕಾರ್ಡನ್ನು ತಾವೇ ಅವರ ಜೇಬಿಗೆ ತುರುಕುತ್ತಿದ್ದರು. ಟಿಕೆಟ್ ಮರೆತರೂ ನಡೆದೀತು, ಈ ಕಾರ್ಡು ಮರೆಯುವಂತಿರಲಿಲ್ಲ.

ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ತಿರುಪತಿಗೆ ಹೊರಟಾಗ ಮಾವನ ಅಪ್ಪಣೆಯಾಯಿತು: "ದರ್ಶನ ಚೆನ್ನಾಗಿ ಆಯ್ತು ಅಂತ ಬರೀಬೇಡಿ ಮತ್ತೆ. ಅದು ಎಲ್ರಿಗೂ ಆಗ್ತದೆ. ಬೆಳಿಗ್ಗೆ ಎದ್ದು ಕಿಟಕಿ ತೆಗೆದ್ರೆ ಏನು ಕಾಣ್ತದೋ ಅದನ್ನ ಬರೀರಿ."

ರೈಟರು ಪ್ರಾಮಾಣಿಕರು. ಕಾರ್ಡು ಬಂತು: "ಕಿಟಕಿ ತೆಗೆದೆ. ಎದುರಿಗೆ ಗೋಡೆ ಇದೆ."

ಮಾವನಿಗೆ ಬೇಸರವಾಗಿರಬೇಕು ಎಂದುಕೊಂಡಿರಾ? ಅವರು ಖುಷಿಯಿಂದ ನಾಲ್ಕು ಜನರಿಗೆ ಓದಿ ಹೇಳಿ, ಕೊನೆಗೆ ಕೊರಗಿದ್ದು ಇಷ್ಟಕ್ಕೇ: "ಗೋಡೆಗೆ ಯಾವ ಬಣ್ಣ ಅಂತ ಬರೀಲೇ ಇಲ್ವಲ್ಲ ಪುಣ್ಯಾತ್ಮ!"

ದಿಲ್ಲಿಗೆ ಹೋದ ಊರಿನ ಗೌಡರೊಬ್ಬರು ಕಾರ್ಡು ಹಾಕಲು ಮರೆತು, ವಾಪಸು ಬಂದ ಮೇಲೆ ಮೂಡಿಗೆರೆಯಲ್ಲಿ ಗುಟ್ಟಾಗಿ ಡಬ್ಬಿಗೆ ಹಾಕಿದರು. ಅಂಚೆಯವರ ಠಸ್ಸೆ ಸುಳ್ಳು ಹೇಳುತ್ತದೆಯೇ? ಮಾವ ಕಾರ್ಡು ಹಿಡಿದು ಅವರ ಮನೆಗೇ ಹೋದರು.

"ಗೌಡ್ರೇ, ಕೆಂಪುಕೋಟೆ ಮೂಡಿಗೆರೆಗೆ ಯಾವಾಗ ಬಂತು?"

ಕಾಫಿ ತಂದ ಗೌಡರ ಹೆಂಡತಿ ನಕ್ಕ ರಭಸಕ್ಕೆ ಅರ್ಧ ಕಾಫಿ ತಟ್ಟೆ ಪಾಲಾಯಿತು. ಮಾವ ಮಾತ್ರ ಇಡೀ ದಿಲ್ಲಿಯನ್ನು ಬಾಯಲ್ಲಿ ಹೇಳಿಸಿಕೊಂಡೇ ಎದ್ದರು.

ಎಲ್ಲರಿಗಿಂತ ಹೆಚ್ಚು ಕಾರ್ಡು ಹಾಕುತ್ತಿದ್ದವರು ಮಾವನ ಜೊತೆ ಶಾಲೆ ಓದಿದ, ಕಾಳುಮೆಣಸಿನ ವ್ಯಾಪಾರದ ಸಾಬರು. ಮೊಬೈಲು ಬಂದ ಹೊಸದರಲ್ಲಿ ಅವರು ಕೊಚ್ಚಿಯಿಂದ ಫೋನೇ ಮಾಡಿಬಿಟ್ಟರು.

"ಸಮುದ್ರದ ಎದುರೇ ನಿಂತಿದ್ದೇನೆ ಮಾರಾಯ! ಅಲೆ ಶಬ್ದ ಕೇಳ್ತದಾ?"

"ಇಲ್ಲ. ಕಾರ್ಡು ಹಾಕು," ಎಂದವರೇ ಮಾವ ಫೋನು ಕುಕ್ಕಿದರು!

"ಪಾಪ, ಅಷ್ಟು ದೂರದಿಂದ ಮಾಡಿದ್ರು," ಎಂದೆ.

"ಕಾರ್ಡು ಹಾಕ್ಬೇಕಂದ್ರೆ ಅವನು ಪೆನ್ನು ಹುಡುಕ್ಬೇಕು, ಡಬ್ಬಿ ಎಲ್ಲಿದೆ ಅಂತ ಕೇಳ್ಬೇಕು. ಅಷ್ಟು ಹೊತ್ತೂ ನನ್ನ ನೆನಪಲ್ಲೇ ಇರ್ತಾನಲ್ಲ!"



ಒಂದು ವರ್ಷ, ಸಾಬರಿಗೆ ಮಂಗಳೂರಿನಲ್ಲಿ ಲಕ್ವ ಹೊಡೆದು ಮಾತು ನಿಂತಿದೆ, ಆಸ್ಪತ್ರೆಯಲ್ಲಿದ್ದಾರೆ ಎಂಬ ಸುದ್ದಿ ಬಂತು. ಮಾವ ಚೀಲಕ್ಕೆ ನಾಲ್ಕು ನಿಂಬೆಹಣ್ಣು ಹಾಕಿಕೊಂಡು, "ನಡಿ" ಎಂದು ನನ್ನನ್ನು ಎಬ್ಬಿಸಿದರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದ ಕಥೆ ಬೇಡ ಬಿಡಿ. ಆ ಕಂಡಕ್ಟರ್ ಇಂದಿಗೂ ಮರೆತಿರಲಾರ.

"ಅಣ್ಣಾ, ನೀವು ಬಸ್ಸಲ್ಲಿ ಬಂದ್ರಾ?" ಎಂದು ಸಾಬರ ಹೆಂಡತಿ ಗಾಬರಿಯಾದರು. ಹಾಸಿಗೆಯಲ್ಲಿ ಮಲಗಿದ್ದವರಿಗಿಂತ ಮಾವನ ಮುಖವೇ ಹೆಚ್ಚು ಬಿಳಿಚಿತ್ತು. ಸಾಬರು ಬಾಯಿ ತೆರೆದರು, ಮಾತು ಹೊರಡಲಿಲ್ಲ.

"ಸುಮ್ನಿರು. ಈಗ ನಾನು ಹೇಳ್ತೇನೆ, ನೀನು ಕೇಳು," ಎಂದರು ಮಾವ. "ಘಾಟಿ ನೋಡಿದೆ ಅಂದ್ಕೊಂಡ್ಯಾ? ಕಣ್ಣು ಮುಚ್ಕೊಂಡೇ ಬಂದೆ!"

ಸಾಬರ ಮುಖದ ಅರ್ಧ ಭಾಗ ನಕ್ಕಿತು.

ಸಂಜೆ, ಬಸ್ಸಿನ ಹೊತ್ತಾಯಿತು ಎಂದು ನೆನಪಿಸಿದೆ.

"ನೀನು ಹೊರಡು. ಆ ಘಾಟಿ ಒಬ್ನೇ ಹತ್ತೋಕೆ ನಂಗೆ ಹೆದರಿಕೆ. ಇವನು ಎದ್ದ ಮೇಲೆ ಜೊತೇಲಿ ಬರ್ತೇವೆ."

ಜೊತೆಗೆ ನಾನಿರುವುದು ಅವರಿಗೆ ಮರೆತೇ ಹೋಗಿತ್ತೇನೋ!

ಹೇಳಿದಂತೆಯೇ ಆಯಿತು. ಸಾಬರು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವವರೆಗೂ ಮಾವ ಆಸ್ಪತ್ರೆ ಬಿಡಲಿಲ್ಲ. ಕೊನೆಗೆ ನಾನೇ ಜೀಪು ಮಾಡಿಕೊಂಡು ಇಬ್ಬರನ್ನೂ ಕರೆತಂದೆ. ಘಾಟಿಯ ಮೂರನೇ ತಿರುವಿನಲ್ಲಿ ಜೀಪು ನಿಲ್ಲಿಸಬೇಕಾಯಿತು. ಮಾವ ರಸ್ತೆಯಂಚಿನಲ್ಲಿ ಬಗ್ಗಿ ಕೂತಿದ್ದರು. ನಾನು ನೀರಿನ ಬಾಟಲಿ ಹುಡುಕಿ ತರುವಷ್ಟರಲ್ಲಿ ಸಾಬರು ಹೇಗೋ ಕೆಳಗಿಳಿದು, ಜೀಪಿಗೆ ಒರಗಿ ನಿಂತು, ಸ್ವಾಧೀನವಿದ್ದ ಒಂದೇ ಕೈಯಿಂದ ಮಾವನ ಬೆನ್ನು ಸವರುತ್ತಿದ್ದರು.

"ಆ...ಯ್ತು," ಎನ್ನುತ್ತಿದ್ದರು ತೊದಲುತ್ತ. "ಆಯ್ತು... ಮಾರಾಯ."